ಈ ವಾರ ಪೊರಕೆ ಯಾರದು?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಹನ್ನೆರಡು ದಿನ ಆಗಿತ್ತು. ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಮನೆ ಬಾಗಿಲ ಹಿಡಿಗೆ ಒಂದು ಹಲಗೆ ತೂಗುತ್ತಿತ್ತು. ಅಂಗೈಗಿಂತ ಒಂಚೂರು ದೊಡ್ಡದು. ಮರದ್ದು. ಮೇಲೆ ಎರಡು ತೂತು, ತೂತಿಗೆ ಹಸಿರು ದಾರ. ದಾರ ಯಾವತ್ತೋ ಕಿತ್ತುಹೋಗಿ, ಯಾರೋ ಗಂಟು ಹಾಕಿದ್ದರು. ಹಲಗೆಯ ಮೇಲೆ ಒಂದೇ ಒಂದು ಪದ: ಕೇರ್‌ವೊಖೆ.

ಆ ಮನೆಯಲ್ಲಿ ನಾವು ಮೂವರು. ಮೂವರೂ ಸ್ವಯಂಸೇವಕರು. ಜಾರ್ಜಿಯಾದ ಹುಡುಗಿ, ಕೊಲಂಬಿಯಾದ ಹುಡುಗ, ನಾನು. ಅಡುಗೆಮನೆಯಲ್ಲಿ ನಿಂತು ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿದೆವು. ಹೊಸಬರನ್ನು ಸ್ವಾಗತಿಸುವ ಪದ್ಧತಿ ಇರಬೇಕು ಎಂದಳು ಜಾರ್ಜಿಯಾದವಳು. ಬಾಡಿಗೆ ಬಾಕಿ ಇರಬೇಕು ಎಂದ ಕೊಲಂಬಿಯಾದವನು. ಅವನು ಯಾವಾಗಲೂ ಹಾಗೇ. ಫೋನಿನಲ್ಲಿ ಹುಡುಕಿದರೆ ‘ಗುಡಿಸುವ ವಾರ’ ಅಂತ ಬಂತು. ಓಹೋ, ಸ್ವಚ್ಛತಾ ಸಪ್ತಾಹ, ಭಾಷಣ ಗೀಷಣ ಇರುತ್ತೆ ಅಂದುಕೊಂಡೆ ನಾನು. ನೋಡೋಕೆ ಚೆನ್ನಾಗಿದೆಯಲ್ಲ ಅಂತ ಕ್ಯಾಲೆಂಡರ್ ಪಕ್ಕದ ಮೊಳೆಗೆ ಅದನ್ನು ನೇತುಹಾಕಿ ಊಟಕ್ಕೆ ಕೂತೆವು.

ಶನಿವಾರ ಸಂಜೆ ಎದುರು ಮನೆ ಅಜ್ಜಿ ಬಾಗಿಲು ಬಡಿದರು. ಎಂಬತ್ತರ ಹತ್ತಿರದ ವಯಸ್ಸು, ಬಾಚಿ ಪಿನ್ನು ಹಾಕಿದ ಬಿಳಿ ಕೂದಲು, ನೆಟ್ಟಗಿನ ಬೆನ್ನು. ಹಲಗೆ ಎಲ್ಲಿ ಎಂದು ಕೇಳಿದರು. ಹೊಸ್ತಿಲ ಆಚೆಯಿಂದಲೇ ಕತ್ತು ಚಾಚಿ, ಅಡುಗೆಮನೆ ಗೋಡೆಯಲ್ಲಿ ಅಲಂಕಾರಕ್ಕೆ ತೂಗುತ್ತಿದ್ದ ಹಲಗೆಯನ್ನು ಕಂಡರು. ಅವರ ಮುಖ ನೋಡಬೇಕಿತ್ತು. ದೇವರಮನೆ ಗಂಟೆಯನ್ನು ಎಮ್ಮೆ ಕೊರಳಿಗೆ ಕಟ್ಟಿದ್ದನ್ನು ನೋಡಿದ ಹಾಗಿತ್ತು.

ಸಂಗತಿ ಇಷ್ಟೇ. ಕೇರ್ ಅಂದರೆ ಗುಡಿಸು, ವೊಖೆ ಅಂದರೆ ವಾರ. ನಾವು ಮೊರದಲ್ಲಿ ಅಕ್ಕಿ ಕೇರುತ್ತೇವೆ, ಅವರು ಮೆಟ್ಟಿಲು ಕೇರುತ್ತಾರೆ. ಭಾಷಾಶಾಸ್ತ್ರದವರು ಬೈಯದಿದ್ದರೆ ನನಗೆ ಇಷ್ಟು ಸಂಬಂಧ ಸಾಕು. ಹಲಗೆ ಯಾರ ಬಾಗಿಲಲ್ಲಿ ಇದೆಯೋ ಆ ವಾರ ಮೆಟ್ಟಿಲು ಅವರದು. ಗುಡಿಸಿ, ಒರೆಸಿ, ಹಲಗೆಯನ್ನು ಮುಂದಿನ ಮನೆಯ ಬಾಗಿಲಿಗೆ ಹಾಕಬೇಕು. ಇದು ಚಿಕ್ಕ ಕೇರ್‌ವೊಖೆ. ದೊಡ್ಡದೂ ಒಂದಿದೆ. ಅದರಲ್ಲಿ ನೆಲಮಾಳಿಗೆ, ಅಂಗಳ, ಮನೆ ಮುಂದಿನ ಕಾಲುದಾರಿ ಎಲ್ಲ ಬರುತ್ತದೆ. ಎರಡೂ ಸ್ಟುಟ್‌ಗಾರ್ಟ್ ಇರುವ ಸ್ವಾಬಿಯಾ ಸೀಮೆಯ ಸೊತ್ತು. ಉತ್ತರ ಜರ್ಮನಿಯವರು ಇದರ ಹೆಸರು ಕೇಳಿದರೇ ನಗುತ್ತಾರೆ.

ನಗಲಿ ಬಿಡಿ, ಇದಕ್ಕೆ ವಂಶಾವಳಿಯೇ ಇದೆ. ಗಡ್ಡದ ಎಬರ್ಹಾರ್ಡ್ ಎಂಬ ದೊರೆ 1492ರಲ್ಲಿ ಸ್ಟುಟ್‌ಗಾರ್ಟ್‌ಗೆ ಮಾಡಿದ ಕಟ್ಟಳೆಯಲ್ಲಿ, ಊರು ಚೊಕ್ಕಟವಾಗಿರಬೇಕಾದರೆ ಪ್ರತಿಯೊಬ್ಬರೂ ವಾರವಾರ ತಮ್ಮ ಕಸ ಹೊರಗೆ ಸಾಗಿಸಬೇಕು ಎಂದು ಹೇಳಿದ್ದನಂತೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಟ್ಟಿದವನೂ ಅವನೇ, 1477ರಲ್ಲಿ. ಮೊದಲು ವಿದ್ಯೆ, ಹದಿನೈದು ವರ್ಷ ಬಿಟ್ಟು ಕಸ. ಅಜ್ಜಿ ವರ್ಷದ ಲೆಕ್ಕ ಹೇಳಿದಾಗ ಕೊಲಂಬಿಯಾದ ಹುಡುಗ ಕಿವಿ ನಿಮಿರಿಸಿದ. ಅವನಿಗೆ 1492 ಅಂದರೆ ಬೇರೆಯೇ ನೆನಪು. “ಆ ವರ್ಷ ಕೊಲಂಬಸ್‌ನ ಕೈಗೂ ಒಂದು ಪೊರಕೆ ಕೊಟ್ಟು ಮನೇಲಿ ಕೂರಿಸಿದ್ದರೆ ನಮಗೆಲ್ಲ ಎಷ್ಟೋ ಒಳ್ಳೇದಾಗ್ತಿತ್ತು” ಎಂದ. ಅಜ್ಜಿ ನಗಲಿಲ್ಲ. ಸ್ವಲ್ಪ ಯೋಚಿಸಿ, ಹಡಗನ್ನೂ ಗುಡಿಸಲೇಬೇಕಲ್ಲ ಎಂದರು.

ನಗರಸಭೆ 1988ರಲ್ಲಿ ಈ ಕಡ್ಡಾಯವನ್ನು ತನ್ನ ನಿಯಮಗಳಿಂದ ಕೈಬಿಟ್ಟಿದೆ. ಅದನ್ನು ಅಜ್ಜಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೇಳಿಯೂ ಪ್ರಯೋಜನ ಇರಲಿಲ್ಲ. ಬಾಡಿಗೆ ಕರಾರಿನಲ್ಲಿ ಅದು ಭದ್ರವಾಗಿ ಕೂತಿತ್ತು.

ನಾನು ಅಲ್ಲಿಗೆ ಹೋದದ್ದು ಸೇವೆ ಮಾಡಲು. ಹೊರಡುವ ಮುಂಚೆ ನೆಂಟರೆಲ್ಲ ಏನು ಕೆಲಸ ಅಂತ ಕೇಳುತ್ತಿದ್ದರು. ಕೆಲಸ ಅಲ್ಲ, ಸ್ವಯಂಸೇವೆ ಅಂದರೆ ಮುಖ ಸಪ್ಪಗಾಗುತ್ತಿತ್ತು. ಯೂರೋಪಿಗೆ ಹೋಗಿ ಬಿಟ್ಟಿ ಚಾಕರಿಯಾ? ಅವರದೇನೂ ತಪ್ಪಿಲ್ಲ. ನಮ್ಮಲ್ಲಿ ಸ್ವಯಂಸೇವೆ ಎಂಬ ಪದ ಜಾಸ್ತಿ ಕಾಣುವುದು ಹೋಟೆಲ್ ಗೋಡೆಯ ಮೇಲೆ. ತಟ್ಟೆ ನೀವೇ ಎತ್ತಿಕೊಂಡು ಹೋಗಿ ಅಂತ ಅದರ ಅರ್ಥ. ನನಗೆ ಆ ಅರ್ಥ ಕೀಳು ಅನಿಸುತ್ತಿತ್ತು. ನನ್ನ ತಲೆಯಲ್ಲಿದ್ದದ್ದು ದೊಡ್ಡ ಅರ್ಥ. ಮೆಟ್ಟಿಲ ಮೇಲೆ ಕೂತು ಮೊದಲ ಸಲ ಕಸ ಬಳಿದಾಗ ಹೋಟೆಲಿನವರೇ ಸರಿ ಅನಿಸಿತು.

ಜರ್ಮನಿಯಲ್ಲಿ 2011ರವರೆಗೆ ಗಂಡುಹುಡುಗರಿಗೆ ಕಡ್ಡಾಯ ಸೈನ್ಯಸೇವೆ ಇತ್ತು. ಬಂದೂಕು ಹಿಡಿಯಲು ಮನಸ್ಸೊಪ್ಪದವರು ಅದರ ಬದಲು ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ದುಡಿಯಬೇಕಿತ್ತು. ಅವರನ್ನು ತ್ಸಿವಿ ಎನ್ನುತ್ತಿದ್ದರು. ಕಡ್ಡಾಯ ನಿಂತಿತು, ತ್ಸಿವಿಗಳೂ ಹೋದರು. ಇನ್ನು ಅಜ್ಜಂದಿರಿಗೆ ಕಾಫಿ ಕೊಡುವವರು ಯಾರು? ಅದೇ ವರ್ಷ ಜುಲೈ 1ರಿಂದ ಬುಂಡೆಸ್‌ಫ್ರೈವಿಲಿಗೆನ್‌ಡೀನ್ಸ್ಟ್ ಎಂಬ ಸ್ವಯಂಸೇವೆಯನ್ನು ಶುರು ಮಾಡಿದರು. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಅದಕ್ಕೇ ನಮ್ಮನ್ನು ಎಲ್ಲರೂ ಬುಫ್ದಿ ಎನ್ನುತ್ತಾರೆ. ಹೊರದೇಶದವರೂ ಸೇರಬಹುದು, ವಯಸ್ಸಾದವರೂ ಸೇರಬಹುದು. ನನ್ನ ಜೊತೆಗಿದ್ದ ಇನ್ನೊಬ್ಬ ಬುಫ್ದಿಗೆ 66 ವರ್ಷ. ಬಸ್ಸು ಓಡಿಸಿ ನಿವೃತ್ತರಾದವರು.

ವಾರಕ್ಕೆ 39 ಗಂಟೆ ಕೆಲಸ, ಇರಲು ಕೋಣೆ, ಮಧ್ಯಾಹ್ನದ ಊಟ, ವರ್ಷದಲ್ಲಿ 25 ದಿನ ಸೆಮಿನಾರ್. ತಿಂಗಳಿಗೆ 350 ಯೂರೋ ಕೈಗೆ ಬರುತ್ತಿತ್ತು. ಅದನ್ನು ಸಂಬಳ ಅಂದರೆ ತಿದ್ದುತ್ತಾರೆ. ಟಾಶೆನ್‌ಗೆಲ್ಡ್, ಅಂದರೆ ಜೇಬಿನ ದುಡ್ಡು. ಸಂತೆಗೆ ಹೊರಟ ಮಗುವಿಗೆ ಕೊಡುವುದಕ್ಕೂ ಅವರಲ್ಲಿ ಇದೇ ಪದ. ಕೊಲಂಬಿಯಾದವನಿಗೆ ತಿಂಗಳ ಕೊನೆಯಲ್ಲಿ ಜೇಬು ಬರಿದಾದರೆ ಖಾಲಿ ಬಾಟಲಿ ಚೀಲಕ್ಕೆ ತುಂಬಿ ಅಂಗಡಿಗೆ ಹೊರಡುತ್ತಿದ್ದ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್, ಬಿಯರಿನ ಗಾಜಿನದಕ್ಕೆ 8. ಆರೋಗ್ಯಕ್ಕೆ ನೀರು ಒಳ್ಳೆಯದು ಅನ್ನುವುದನ್ನು ಅವನು ಕಲಿತದ್ದು ಈ ಲೆಕ್ಕದಿಂದ.

ನನ್ನ ಕೆಲಸ ಒಂದು ವೃದ್ಧಾಶ್ರಮದಲ್ಲಿ. ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುವುದು, ಮೂತಿ ಇರುವ ಲೋಟದಲ್ಲಿ ಕಾಫಿ ಕುಡಿಸುವುದು, ಗಾಲಿಕುರ್ಚಿ ತಳ್ಳುವುದು. ತೊಂಬತ್ತು ದಾಟಿದ ಅಜ್ಜ ಒಬ್ಬರು ನನ್ನನ್ನು ಕಡೆಯವರೆಗೂ ತ್ಸಿವಿ ಎಂದೇ ಕರೆದರು. ಬಂದೂಕು ಬೇಡ ಎಂದ ಜರ್ಮನ್ ಹುಡುಗ ನಾನು, ಅವರ ಲೆಕ್ಕದಲ್ಲಿ. ಮಧ್ಯಾಹ್ನ ಅವರೊಂದಿಗೆ ಒಂದು ಆಟ ಆಡಲೇಬೇಕು. ನಮ್ಮ ಪಗಡೆಯ ಬಳಗದ್ದೇ. ಆಟದ ಹೆಸರಿನ ಅರ್ಥ ‘ಮನುಷ್ಯನೇ, ಸಿಟ್ಟಾಗಬೇಡ’. ಅವರ ಕಾಯಿ ಕಡಿದರೆ ಅಜ್ಜ ದಾಳವನ್ನೇ ಸೂಪಿನ ಬಟ್ಟಲಿಗೆ ಎಸೆಯುತ್ತಿದ್ದರು.

ಬಂದ ಹೊಸದರಲ್ಲಿ ಭಾಷೆಯೂ ಕೈಕೊಟ್ಟಿತ್ತು. ನಾನು ಕಲಿತುಕೊಂಡು ಹೋದದ್ದು ಪುಸ್ತಕದ ಜರ್ಮನ್. ಅಲ್ಲಿಯವರು ಎಲ್ಲದರ ಬಾಲಕ್ಕೂ ‘ಲೆ’ ಸೇರಿಸುತ್ತಾರೆ. ಮನೆ ಚಿಕ್ಕದಾದರೆ ಹೊಯ್ಸ್‌ಲೆ, ಬೆಕ್ಕು ಮರಿಯಾದರೆ ಕೆಟ್ಸ್‌ಲೆ. ಸ್ವಲ್ಪ ಅನ್ನಲು ಬಿಸ್ಲೆ. ಕಾಫಿಗೆ ಹಾಲು ಎಷ್ಟು ಅಂದರೆ ‘ಬಿಸ್ಲೆ’ ಎನ್ನುತ್ತಿದ್ದರು, ನನ್ನ ಕಣ್ಣ ಮುಂದೆ ಘಟ್ಟದ ಮಂಜು ಬಂದು ನಿಲ್ಲುತ್ತಿತ್ತು. ಮೊದಲ ವಾರ ಇವರೇಕೆ ನನ್ನನ್ನು ಮಾತುಮಾತಿಗೆ ಲೇ ಲೇ ಅಂತಾರೆ ಎಂದು ಬೇಜಾರೂ ಮಾಡಿಕೊಂಡಿದ್ದೆ.

ಮೆಟ್ಟಿಲಿಗೆ ಬರುತ್ತೇನೆ. ನಮ್ಮ ಪಾಲಿಗೆ ಇದ್ದದ್ದು ಹದಿನೇಳು ಮೆಟ್ಟಿಲು, ತಿರುವಿನಲ್ಲಿ ಒಂದು ಚಾಪೆಯಷ್ಟು ಜಾಗ, ಒಂದು ಕಿಟಕಿ. ಅಲ್ಲಿನ ಪೊರಕೆಗೆ ಉದ್ದನೆಯ ಕೋಲು. ನೆಟ್ಟಗೆ ನಿಂತು ಮುಂದಕ್ಕೆ ತಳ್ಳಬೇಕು. ನನಗೆ ಅದು ಒಗ್ಗಲಿಲ್ಲ. ಪೊರಕೆ ಹಿಡಿದರೆ ಬೆನ್ನು ತಾನಾಗಿ ಬಗ್ಗುತ್ತದೆ, ಕಸ ನನ್ನ ಕಡೆಗೇ ಬರಬೇಕು ಅನಿಸುತ್ತದೆ. ಕೋಲು ಗೋಡೆಗೆ ಬಡಿದು ಕಟ್ಟಡಕ್ಕೆಲ್ಲ ಕೇಳಿಸುವ ಹಾಗೆ ಟಕ್ ಟಕ್ ಅಂದಿತು. ಅದನ್ನು ಬಿಟ್ಟು ಕೈಬ್ರಷ್ಷು, ಕಸದ ಮೊರ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ಮೇಲಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯುತ್ತಾ ಬಳಿದೆ. ಕಸವಾದರೂ ಎಂಥದ್ದು? ಒಂದು ಒಣ ಎಲೆ, ನಾಲ್ಕು ಕಾಳು ಮಣ್ಣು, ಯಾರದೋ ಕೋಟಿನ ನೂಲು. ನಮ್ಮೂರಲ್ಲಿ ಗುಡಿಸಿದ ಮೇಲೂ ಇದಕ್ಕಿಂತ ಜಾಸ್ತಿ ಉಳಿದಿರುತ್ತದೆ.

ಅಷ್ಟರಲ್ಲಿ ಎದುರು ಬಾಗಿಲು ಎರಡು ಬೆರಳಷ್ಟು ತೆರೆಯಿತು. ಅಜ್ಜಿ ನೋಡುತ್ತಿದ್ದರು. ಮುಗಿಸಿ ಎದ್ದೆ. ಅವರು ಹೊರಗೆ ಬಂದು, ಮೆಟ್ಟಿಲೂ ಗೋಡೆಯೂ ಕೂಡುವ ಮೂಲೆಯನ್ನು ತೋರಿಸಿದರು. ಅಲ್ಲಿ ಒಂದು ಕಡ್ಡಿ ಅಗಲದ ಧೂಳಿನ ಗೆರೆ ಇತ್ತು. “ನೀವು ಮೂಲೆ ಬಿಟ್ಟಿದ್ದೀರಿ” ಎಂದರು. ಒಳಗೆ ಹೋಗಿ ಬಣ್ಣ ಬಳಿಯುವ ಹಳೇ ಬ್ರಷ್ ತಂದುಕೊಟ್ಟರು. ಕೂದಲೆಲ್ಲ ಸವೆದು ಒಂದು ಕಡೆಗೆ ವಾಲಿತ್ತು. ನಿಜ ಹೇಳುತ್ತೇನೆ, ಮೂಲೆಗೆ ಅದಕ್ಕಿಂತ ಒಳ್ಳೆಯ ಸಲಕರಣೆ ಇಲ್ಲ. ಹದಿನೇಳು ಮೆಟ್ಟಿಲಿಗೆ ಮೂವತ್ತನಾಲ್ಕು ಮೂಲೆ.

ಇನ್ನೊಂದು ಸಂಗತಿ ಗಮನಿಸಿ. ಬೈದದ್ದು ‘ನೀವು’ ಅಂತ. ಜರ್ಮನ್ನಿನಲ್ಲೂ ನಮ್ಮ ಹಾಗೆ ನೀನು, ನೀವು ಎರಡೂ ಇದೆ. ಅವರಿಗೆ ನಾನು ಮೊಮ್ಮಗಳ ವಯಸ್ಸಿನವಳು, ಆದರೂ ಒಂದು ದಿನ ನೀನು ಅನ್ನಲಿಲ್ಲ. ಬೈಗುಳಕ್ಕೂ ಮರ್ಯಾದೆ ಇತ್ತು. ಹೊಗಳಿಕೆ ಮಾತ್ರ ಎಲ್ಲೂ ಇರಲಿಲ್ಲ. ಬಸ್ಸಿನ ಬುಫ್ದಿಯ ಬಳಿ ದೂರು ಹೇಳಿದೆ. ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ, ಇಲ್ಲಿನ ಗಾದೆ ಅದು ಎಂದರು.

ಡಿಸೆಂಬರಿನಲ್ಲಿ ದೊಡ್ಡ ಕೇರ್‌ವೊಖೆ ನಮ್ಮ ಪಾಲಿಗೆ ಬಂದಿತ್ತು. ಆ ವಾರವೇ ಹಿಮ ಬಿತ್ತು. ನನ್ನ ಜೀವಮಾನದ ಮೊದಲ ಹಿಮ. ಕತ್ತಲಲ್ಲೇ ಕೆಳಗೆ ಓಡಿ, ಫೋಟೋ ತೆಗೆಯಲು ಫೋನ್ ಎತ್ತಿದೆ. ಅಜ್ಜಿ ಸಲಿಕೆ ಎತ್ತಿ ಕೈಗೆ ಕೊಟ್ಟರು. ಬೆಳಗ್ಗೆ 7 ಗಂಟೆಯೊಳಗೆ ಕಾಲುದಾರಿ ಬಿಡಿಸಬೇಕು, ಯಾರಾದರೂ ಜಾರಿ ಬಿದ್ದರೆ ಜವಾಬ್ದಾರಿ ನಮ್ಮದು. ಉಪ್ಪು ಎರಚಬೇಡಿ, ಮರದ ಬೇರಿಗೆ ಕೆಟ್ಟದ್ದು ಎಂದು ಸಣ್ಣ ಜಲ್ಲಿಯ ಬಕೆಟ್ಟನ್ನೂ ಮುಂದಿಟ್ಟರು. ಆ ದಿನದ ಫೋಟೋ ಒಂದೇ ಇದೆ, ಜಾರ್ಜಿಯಾದವಳು ಕಿಟಕಿಯಿಂದ ತೆಗೆದದ್ದು. ಸಲಿಕೆ ಹಿಡಿದು ನಾನು ಬಗ್ಗಿದ್ದೇನೆ, ಮುಖ ಕಾಣಿಸುವುದಿಲ್ಲ. ಅಮ್ಮನಿಗೆ ಕಳಿಸಿದೆ. “ಇದನ್ನ ಮಾಡೋಕೆ ವೀಸಾ ಬೇಕಿತ್ತಾ?” ಅಂತ ಉತ್ತರ ಬಂತು.

ಸ್ಟುಟ್‌ಗಾರ್ಟ್ ಇರುವುದು ಬೋಗುಣಿಯಂಥ ಕಣಿವೆಯಲ್ಲಿ. ಸುತ್ತ ಗುಡ್ಡ, ಗುಡ್ಡದಲ್ಲಿ ದ್ರಾಕ್ಷಿ ತೋಟ. ತೋಟಕ್ಕೆ ಹತ್ತಲು ಹಿಂದಿನವರು ಕಟ್ಟಿದ ಕಲ್ಲುಮೆಟ್ಟಿಲ ದಾರಿಗಳು ಊರಿನಲ್ಲಿ ಈಗಲೂ 400ಕ್ಕೂ ಹೆಚ್ಚು ಇವೆ. ಅವುಗಳಿಗೂ ‘ಲೆ’ ಉಂಟು, ಷ್ಟೆಫೆಲೆ. ಪ್ರವಾಸಿಗರು ಹತ್ತಿ ನಿಂತು ಊರಿನ ನೋಟ ನೋಡುತ್ತಾರೆ. ನಾನು ಫೆಬ್ರವರಿ ಹೊತ್ತಿಗೆ ಮೂಲೆ ನೋಡುತ್ತಿದ್ದೆ. ಇಷ್ಟನ್ನೂ ಯಾರಪ್ಪಾ ಬಳಿಯುವವರು ಅಂತ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಲಗೆ ನಮ್ಮ ಬಾಗಿಲಲ್ಲಿರುವ ವಾರ ನನ್ನ ಕಿವಿ ಮೆಟ್ಟಿಲ ಮೇಲೇ ಇರುತ್ತಿತ್ತು. ಯಾರು ಬೂಟು ಕೊಡವಿ ಹತ್ತಿದರು, ಯಾರು ಹಾಗೇ ಬಂದರು ಎಂದು ಸದ್ದಿನಲ್ಲೇ ತಿಳಿಯುತ್ತಿತ್ತು. ಒಂದು ಮಳೆಗಾಲದಂಥ ಮಾರ್ಚ್ ಮಧ್ಯಾಹ್ನ, ಪಾರ್ಸೆಲ್ ತಂದ ಹುಡುಗ ಕೆಸರು ಕಾಲಲ್ಲಿ ಹತ್ತಿ ಇಳಿದ. ನಾನು ಬಾಗಿಲನ್ನು ಎರಡು ಬೆರಳಷ್ಟು ತೆರೆದು ನೋಡುತ್ತಾ ನಿಂತಿದ್ದೆ. ಎದುರು ಬಾಗಿಲೂ ಎರಡು ಬೆರಳಷ್ಟು ತೆರೆದಿತ್ತು. ಅಜ್ಜಿಯೂ ನಾನೂ ಒಬ್ಬರನ್ನೊಬ್ಬರು ನೋಡಿ ತಲೆ ಅಲ್ಲಾಡಿಸಿದೆವು. ಆ ವರ್ಷ ನನ್ನ ಜರ್ಮನ್ ಭಾಷೆಗೆ ಎರಡು ಸರ್ಟಿಫಿಕೇಟ್ ಸಿಕ್ಕಿವೆ. ಆದರೆ ಆ ತಲೆ ಅಲ್ಲಾಡಿಸಿದ್ದನ್ನು ನಾನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ.

ಹೊರಡುವ ದಿನ ಶನಿವಾರ ಬಿತ್ತು. ಹಲಗೆ ನಮ್ಮ ಬಾಗಿಲಲ್ಲೇ ಇತ್ತು. ಉಳಿದಿಬ್ಬರು ತಾವು ನೋಡಿಕೊಳ್ಳುತ್ತೇವೆ ಎಂದಿದ್ದರು, ನನಗೆ ನಂಬಿಕೆ ಬರಲಿಲ್ಲ. ಬೆಳಗ್ಗೆ ಐದಕ್ಕೇ ಎದ್ದು, ಸದ್ದಾಗದ ಹಾಗೆ ಹದಿನೇಳೂ ಮೆಟ್ಟಿಲು ಬಳಿದೆ, ಒರೆಸಿದೆ. ಹಲಗೆಯನ್ನು ಅಜ್ಜಿಯ ಬಾಗಿಲಿಗೆ ಹಾಕುವಾಗ ಅದು ಮರಕ್ಕೆ ತಾಗಿ ಟಕ್ ಅಂದಿತು.

ಬಾಗಿಲು ತೆರೆಯಿತು. ಅಜ್ಜಿ ರಾತ್ರಿ ಉಡುಪಿನಲ್ಲಿದ್ದರು. ಪಿನ್ನಿಲ್ಲದ ಕೂದಲನ್ನು ಮೊದಲ ಸಲ ನೋಡಿದೆ. “ಆರು ಗಂಟೆವರೆಗೆ ಸದ್ದು ಮಾಡಬಾರದು” ಎಂದು ಪಿಸುಗುಟ್ಟಿದರು. ಕ್ಷಮಿಸಿ ಎಂದೆ. ನನ್ನ ಪೆಟ್ಟಿಗೆ ನೋಡಿದರು, ಮೆಟ್ಟಿಲು ನೋಡಿದರು. ಏನೂ ಹೇಳದೆ ಒಳಗೆ ಹೋದರು. ದಾರಿಗೆ ಬುತ್ತಿ ತರುತ್ತಾರೇನೋ ಅಂದುಕೊಂಡೆ.

ಬಂದಾಗ ಕೈಯಲ್ಲಿ ಆ ಸವೆದ ಬ್ರಷ್ ಇತ್ತು. ಮೇಲಿನಿಂದ ಮೂರನೇ ಮೆಟ್ಟಿಲು. ಎಡಗಡೆಯ ಮೂಲೆ.

ಟ್ರಾಮಿಗೆ ಇನ್ನೂ ಹನ್ನೊಂದು ನಿಮಿಷ ಇತ್ತು. ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ಕೂತೆ.