ಹಿಂದಿನ ಚಕ್ರದ ಅಳತೆಯೂ ಕೈಗೆ ಬರಲಿ

ಈ ಬಾರಿ ಜರ್ಮನಿಯಿಂದ ಹಾಸನಕ್ಕೆ ಬಂದಾಗ ನನ್ನ ಮನಸ್ಸನ್ನು ಚುಚ್ಚಿದ್ದು ತಮ್ಮನ ಎಲೆಕ್ಟ್ರಿಕ್ ಕಾರಿನ ಹಿಂದಿನ ಟೈರುಗಳು. ಹೊರಗಿನಿಂದ ನೋಡಿದವರಿಗೆ ಅವು ಇನ್ನೂ ಒಂದು ವರ್ಷ ಧಾರಾಳವಾಗಿ ಓಡುವಂತೆ ಕಾಣುತ್ತಿದ್ದವು. ಪಂಕ್ಚರ್ ಹಾಕಿಸಲೆಂದು ಒಂದು ಚಕ್ರವನ್ನು ಬಿಚ್ಚಿದಾಗ ಒಳ ಅಂಚಿನಲ್ಲಿ ಬೆರಳಗಲದಷ್ಟು ಜಾಗದಲ್ಲಿ ರಬ್ಬರೇ ಉಳಿದಿರಲಿಲ್ಲ, ತಂತಿ ಹೊರಬಂದಿತ್ತು. ಇನ್ನೊಂದು ಬದಿಯದನ್ನು ಬಿಚ್ಚಿಸಿ ನೋಡಿದರೆ ಅದರ ಸ್ಥಿತಿಯೂ ಅದೇ. ತಮ್ಮ ಉದಾಸೀನ ಮಾಡುವವನಲ್ಲ. "ಐದು ಸಾವಿರ ಕಿಲೋಮೀಟರಿಗೊಂದು ಸಲ ತಪ್ಪದೆ ಅಲೈನ್‌ಮೆಂಟ್ ಮಾಡಿಸ್ತಿದ್ದೀನಲ್ಲ ಅಣ್ಣ" ಎಂದು ಕಾರಿನೊಳಗೆ ಜೋಪಾನವಾಗಿಟ್ಟಿದ್ದ ಬಿಲ್ಲುಗಳನ್ನು ತೆಗೆದು ತೋರಿಸಿದ. ಅಲೈನ್‌ಮೆಂಟ್ ಎಂದರೆ ಚಕ್ರಗಳು ನಿಂತಿರುವ ಕೋನಗಳನ್ನು ಅಳೆದು ಸರಿಪಡಿಸುವುದು. ಆ ಬಿಲ್ಲುಗಳಲ್ಲಿ ಹಣದ ಅಂಕಿಯಿತ್ತು, ಕೋನದ ಅಂಕಿ ಒಂದೂ ಇರಲಿಲ್ಲ. ಅಲೈನ್‌ಮೆಂಟ್ ಮಾಡಿದ ಅಂಗಡಿಗೇ ಹೋಗಿ ವಿಚಾರಿಸಿದಾಗ ಅಲ್ಲಿನವರು ಸಮಾಧಾನವಾಗಿಯೇ ಹೇಳಿದರು: "ಹಿಂದ್ಗಡೆ ವೀಲಿಗೆ ಏನೂ ಇರಲ್ಲ ಸಾರ್, ಮುಂದ್ಗಡೆ ಮಾಡಿದ್ರೆ ಆಯ್ತು."

ಆ ಕಾರಿನ ಮಟ್ಟಿಗೆ ಈ ಮಾತು ಪೂರ್ತಿ ತಪ್ಪು. ಅದರ ಹಿಂದಿನ ಎರಡು ಚಕ್ರಗಳೂ ಬೇರೆ ಬೇರೆ ಲಿಂಕುಗಳ ಮೇಲೆ, ಅಂದರೆ ಚಕ್ರವನ್ನು ಕಾರಿಗೆ ಜೋಡಿಸುವ ಲೋಹದ ತೋಳುಗಳ ಮೇಲೆ, ನಿಂತಿವೆ, ಮೋಟಾರು ತಿರುಗಿಸುವುದೂ ಆ ಚಕ್ರಗಳನ್ನೇ. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ನೇರ ದಿಕ್ಕಿಗಿಂತ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನವನ್ನು ಟೋ ಎನ್ನುತ್ತಾರೆ. ಹಿಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು ಕ್ಯಾಂಬರ್. ಇಂಥ ಕಾರುಗಳಲ್ಲಿ ತಿರುವಿನಲ್ಲಿ ಹಿಡಿತ ಚೆನ್ನಾಗಿರಲೆಂದು ತಯಾರಕರೇ ಹಿಂದಿನ ಚಕ್ರಗಳ ತಲೆಯನ್ನು ಒಂದು ಡಿಗ್ರಿಯ ಆಸುಪಾಸಿನಲ್ಲಿ ಒಳಕ್ಕೆ ವಾಲಿಸಿಟ್ಟಿರುತ್ತಾರೆ. ಅಷ್ಟರಿಂದಲೇ ಟೈರು ಬೇಗ ಹಾಳಾಗುವುದಿಲ್ಲ. ಆದರೆ ಗುಂಡಿಗೆ ಬಿದ್ದ ಪೆಟ್ಟಿಗೆ ಲಿಂಕೊಂದು ಬಾಗಿಯೋ, ಲಿಂಕಿನ ಕೀಲಿನಲ್ಲಿರುವ ರಬ್ಬರಿನ ಬುಷ್ ಸಡಿಲವಾಗಿಯೋ, ಚಕ್ರದ ಮೂತಿ ಹೊರಕ್ಕೆ ತಿರುಗಿಬಿಟ್ಟರೆ, ಮೊದಲೇ ಹೆಚ್ಚು ಭಾರ ಹೊತ್ತಿರುವ ಒಳ ಅಂಚಿನ ಮೇಲೆಯೇ ಉಜ್ಜಾಟವೂ ಸೇರಿಕೊಳ್ಳುತ್ತದೆ. ಟೋ ಬರೀ 0.1 ಡಿಗ್ರಿ ತಪ್ಪಿದರೂ ಚಕ್ರ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಸುಮಾರು 1.75 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡಿರುತ್ತದೆ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಗೆ ತಲುಪುವ ಹೊತ್ತಿಗೆ ಆ ಟೈರು 70 ಮೀಟರಿನಷ್ಟು ದೂರ ಅಡ್ಡಡ್ಡ ತೇಯ್ದಿರುತ್ತದೆ. ಸಕಲೇಶಪುರದ ಆಚೆ ಹಾನುಬಾಳಿನ ಕಡೆಯ ತೋಟಕ್ಕೆ ವಾರವಿಡೀ ಓಡಾಡುವ ತಮ್ಮನ ಕಾರಿನಲ್ಲಿ ಟೋ ತಪ್ಪಿದ್ದದ್ದು ಒಂದು ಡಿಗ್ರಿಯ ಕಾಲು ಭಾಗಕ್ಕೂ ಮಿಕ್ಕಿ.

ಇದಕ್ಕಿಂತ ಕೆಟ್ಟ ಸಂಗತಿಯೆಂದರೆ, ಹಿಂದಿನ ಚಕ್ರದ ದೋಷವನ್ನು ಮುಂದಿನ ಚಕ್ರದ ಅಲೈನ್‌ಮೆಂಟು ಮುಚ್ಚಿಹಾಕಬಲ್ಲದು. ಹಿಂದಿನ ಒಂದು ಚಕ್ರ ಮಾತ್ರ ಪಕ್ಕಕ್ಕೆ ತಿರುಗಿದ್ದರೆ ಕಾರಿನ ಹಿಂಭಾಗ ಸ್ವಲ್ಪ ಓರೆಯಾಗಿ ಸಾಗುತ್ತದೆ, ನೇರ ಹೋಗಲು ಚಾಲಕ ಸ್ಟೀರಿಂಗನ್ನು ಒಂದಿಷ್ಟು ಒಂದು ಕಡೆಗೆ ಹಿಡಿದಿರಬೇಕಾಗುತ್ತದೆ. ಅಂಗಡಿಯಲ್ಲಿ ಮುಂದಿನ ರಾಡುಗಳನ್ನು ತಿರುಗಿಸಿ ಸ್ಟೀರಿಂಗನ್ನು ನೇರ ಮಾಡಿಕೊಟ್ಟರೆ ಗಿರಾಕಿಗೆ ಕೆಲಸ ಸರಿಯಾಯಿತೆಂದು ತೃಪ್ತಿ, ಹಿಂದಿನ ಟೈರಿಗೆ ಮಾತ್ರ ಅದೇ ಸವೆತ. ಹಿಂದಿನ ಎರಡೂ ಚಕ್ರಗಳು ಸಮವಾಗಿ ತಪ್ಪಿದ್ದರಂತೂ ಕಾರು ಯಾವ ಕಡೆಗೂ ಎಳೆಯುವುದಿಲ್ಲ. ಓಡಿಸುವವನ ಕೈಗೆ ಯಾವ ಸುಳಿವೂ ಸಿಗುವುದಿಲ್ಲ. ಆದ್ದರಿಂದಲೇ ಹಿಂದಿನದನ್ನು ಮೊದಲು ಸರಿಪಡಿಸಿ, ಕಾರು ನಿಜವಾಗಿ ಯಾವ ದಿಕ್ಕಿಗೆ ನೂಕಲ್ಪಡುತ್ತಿದೆ ಎಂಬುದನ್ನು ಗೊತ್ತುಮಾಡಿಕೊಂಡು, ಅನಂತರ ಮುಂದಿನದನ್ನು ಅದಕ್ಕೆ ಹೊಂದಿಸುವುದು ಕ್ರಮ.

ಎಲೆಕ್ಟ್ರಿಕ್ ಕಾರಿನಲ್ಲಿ ಇದನ್ನು ಅಲಕ್ಷಿಸಿದರೆ ಬೆಲೆ ಇನ್ನೂ ಹೆಚ್ಚು. ದೊಡ್ಡ ಬ್ಯಾಟರಿಯ ತೂಕವೇ 300ರಿಂದ 500 ಕಿಲೋ ಇರುತ್ತದೆ. ಮೋಟಾರಿನ ಪೂರ್ಣ ಸೆಳೆತ ಕಾಲಿಟ್ಟ ಕ್ಷಣವೇ ಚಕ್ರಕ್ಕೆ ಬರುತ್ತದೆ. ಕಾಲು ತೆಗೆದಾಗ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವ ಬ್ರೇಕಿನ ಎಳೆತವೂ, ಹಿಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ, ಅದೇ ಎರಡು ಟೈರುಗಳ ಮೇಲೆ ಬೀಳುತ್ತದೆ. ಎಂಜಿನ್ನಿನ ಸದ್ದಿಲ್ಲದ ಕಾರಣ ಹಲ್ಲುಹಲ್ಲಾಗಿ ಸವೆದ ಟೈರಿನ ಗುಂಯ್‌ಗುಡುವಿಕೆ ಒಳಗೆ ಚೆನ್ನಾಗಿ ಕೇಳಿಸುತ್ತದೆ. ತಮ್ಮನಿಗೂ ಕೇಳಿಸಿತ್ತು, ಆದರೆ ಅದು ಬೇರಿಂಗಿನ ಸದ್ದೆಂದು ಯಾರೋ ಹೇಳಿದ್ದರಂತೆ. ಒಳ ಅಂಚಿನಲ್ಲಿ ತಂತಿ ಬಂದ ಹಿಂದಿನ ಟೈರಿನ ಮೇಲೆ ಅವನು ಮಳೆಯಲ್ಲಿ ಶಿರಾಡಿ ಘಾಟಿಯನ್ನು ಇಳಿದಿರಬಹುದೆಂಬುದನ್ನು ನೆನೆದರೆ ನನಗೆ ಈಗಲೂ ಕಳವಳವಾಗುತ್ತದೆ.

ನಾನಿರುವ ಸ್ಟುಟ್‌ಗಾರ್ಟಿನ ಕಡೆ ಅಲೈನ್‌ಮೆಂಟ್ ಮುಗಿಯುವುದು ಕೈಗೆ ಒಂದು ಹಾಳೆ ಬಂದಾಗ. ಕಾರು ಬಂದಾಗಿನ ಅಳತೆ ಒಂದು ಸಾಲಿನಲ್ಲಿ, ಸರಿಪಡಿಸಿದ ಮೇಲಿನ ಅಳತೆ ಇನ್ನೊಂದರಲ್ಲಿ, ತಯಾರಕರು ಒಪ್ಪುವ ಮಿತಿ ಅವುಗಳ ಪಕ್ಕದಲ್ಲಿ; ನಾಲ್ಕೂ ಚಕ್ರಗಳದು. ಮಿತಿ ಮೀರಿದ ಅಂಕಿ ಕೆಂಪಗಿರುತ್ತದೆ. ಯಾವುದನ್ನು ತಿದ್ದಲಾಗಲಿಲ್ಲವೋ ಅದೂ ಹಾಳೆಯ ಮೇಲೆ ಕೆಂಪಾಗಿಯೇ ಉಳಿದಿರುತ್ತದೆ, ಏಕೆಂದು ಕೇಳಬಹುದು. ಖಾಸಗಿ ಕಾರುಗಳೆಲ್ಲ ಹೊಸದಾದಾಗ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಕಡ್ಡಾಯ ತಪಾಸಣೆಗೆ ಹೋಗಬೇಕು. ತಂತಿ ಕಾಣುವ ಟೈರಿಗೆ ಅಲ್ಲಿ ತೇರ್ಗಡೆಯಿಲ್ಲ. ನಮ್ಮಲ್ಲಿ ಖಾಸಗಿ ಕಾರು ಹದಿನೈದು ವರ್ಷ ತುಂಬುವವರೆಗೆ ಅಂಥ ಪರೀಕ್ಷೆಯ ಮುಖ ನೋಡುವುದಿಲ್ಲ.

ನನಗೆ ತಾಳ್ಮೆ ತಪ್ಪುವುದು ಯಂತ್ರವಿಲ್ಲದ ಕಾರಣಕ್ಕಲ್ಲ. ಕ್ಯಾಮೆರಾ ಇರುವ, ನಾಲ್ಕೂ ಚಕ್ರಗಳಿಗೆ ಫಲಕ ಸಿಕ್ಕಿಸಿ ಅಳೆಯುವ ಯಂತ್ರಗಳು ಹಾಸನದಲ್ಲಿಯೂ ಇವೆ, ಚಿಕ್ಕಮಗಳೂರಿನಲ್ಲಿಯೂ ಇವೆ. ಅಳತೆಯೆಲ್ಲ ಪರದೆಯ ಮೇಲೆ ಇದ್ದೇ ಇರುತ್ತದೆ. ಗಿರಾಕಿ ಹೊರಗೆ ಕುರ್ಚಿಯಲ್ಲಿ ಕಾಯುತ್ತಾನೆ, ಒಳಗಿನಿಂದ "ಎಲ್ಲಾ ಸರಿಯಾಗಿದೆ ಸಾರ್" ಎಂಬ ಮಾತು ಬರುತ್ತದೆ, ಹಣ ಕೊಟ್ಟು ಹೊರಡುತ್ತಾನೆ. ಕಾಫಿ ಮಾರುವಾಗ ತಕ್ಕಡಿಯ ಮುಳ್ಳನ್ನು ಕಣ್ಣಾರೆ ನೋಡದೆ, ತೇವಾಂಶ ಎಷ್ಟು ಬಂತು, ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ) ಎಷ್ಟು ಬಂತು ಎಂದು ಕೇಳದೆ ಚೀಲ ಇಳಿಸದ ಜನ ನಾವು. ಅದೇ ನಾವು ಹತ್ತಾರು ಸಾವಿರ ರೂಪಾಯಿಯ ಟೈರುಗಳ ವಿಷಯದಲ್ಲಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವ ಕಾರಿನ ವಿಷಯದಲ್ಲಿ, ಬಾಯಿಮಾತನ್ನು ಸಾಕೆಂದುಕೊಂಡಿದ್ದೇವೆ. ನಾವು ಕೇಳುವುದಿಲ್ಲ, ಅವರು ಕೊಡುವುದಿಲ್ಲ. ಈ ಒಂದು ವಿಷಯದಲ್ಲಿ ಜರ್ಮನಿಯ ರೀತಿಯೇ ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೂ ಅಂಗಡಿಯವರ ಆ ಮಾತಿಗೆ ಒಂದು ಹಿನ್ನೆಲೆಯಿದೆ ಎಂಬುದನ್ನು ಬಿಟ್ಟುಬಿಟ್ಟರೆ ಅನ್ಯಾಯವಾದೀತು. ಅಂಬಾಸಿಡರ್, ಜೀಪುಗಳ ಕಾಲದಲ್ಲಿ ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಆಕ್ಸಲಿನ ಎರಡು ತುದಿಗಳಾಗಿದ್ದವು. ತಿರುಗಿಸಲು ನಟ್ಟೇ ಇರಲಿಲ್ಲ. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿಯೂ, ನೆಕ್ಸಾನ್‌ನಂಥ ಎಲೆಕ್ಟ್ರಿಕ್ ಕಾರಿನಲ್ಲಿಯೂ, ಹಿಂದೆ ಇರುವುದು ಎರಡೂ ಚಕ್ರಗಳನ್ನು ಜೋಡಿಸುವ ಒಂದು ತಿರುಚು ತೊಲೆ. ಅದನ್ನು ಅಳೆಯಬಹುದು, ಬಾಗಿದೆಯೇ ಎಂದು ಕಂಡುಕೊಳ್ಳಬಹುದು, ಆದರೆ ಸಾಮಾನ್ಯವಾಗಿ ಪಾನಾ ಹಾಕಿ ತಿದ್ದುವಂತಿಲ್ಲ. ಮಹೀಂದ್ರದ ಬಿಇ 6, ಟಾಟಾದ ಹ್ಯಾರಿಯರ್ ಇವಿಯಂಥ, ಹಿಂದೆಯೂ ಹೊಂದಿಸಬೇಕಾದ ಲಿಂಕುಗಳಿರುವ ಕಾರುಗಳು ನಮ್ಮ ಊರುಗಳಿಗೆ ಬಂದು ಇನ್ನೂ ಹೆಚ್ಚು ಕಾಲವಾಗಿಲ್ಲ. ಹಳೆಯ ಕಾರುಗಳಿಂದ ಕಲಿತದ್ದು ಹೊಸ ಕಾರಿನ ಮುಂದೆಯೂ ಬಾಯಿಗೆ ಬರುವುದು ಸಹಜ.

ಜರ್ಮನಿಯವರ ಎಚ್ಚರವೆಲ್ಲ ಸ್ವಭಾವದಿಂದಲೇ ಬಂದದ್ದೂ ಅಲ್ಲ. ಹಿಮದ ಕಾರಣ ಅಲ್ಲಿ ಬಹಳ ಮಂದಿ ಅಕ್ಟೋಬರಿನ ಹೊತ್ತಿಗೆ ಚಳಿಗಾಲದ ಟೈರುಗಳನ್ನೂ ಈಸ್ಟರ್ ಹೊತ್ತಿಗೆ ಬೇಸಿಗೆಯ ಟೈರುಗಳನ್ನೂ ಹಾಕಿಸುತ್ತಾರೆ. ವರ್ಷಕ್ಕೆರಡು ಬಾರಿ ನಾಲ್ಕು ಚಕ್ರಗಳೂ ಕಳಚಿ ಕೆಳಗೆ ಬೀಳುವಾಗ ಒಳ ಅಂಚು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಹಾಸನದಲ್ಲಿ ಪಂಕ್ಚರ್ ಆಗದೆ ಚಕ್ರ ಬಿಚ್ಚುವ ಪ್ರಸಂಗವೇ ಕಡಿಮೆ. ಜರ್ಮನಿಯ ರಸ್ತೆಗಳಲ್ಲಿ ಮಲೆನಾಡಿನ ಮಳೆಗಾಲದ ಗುಂಡಿಗಳೂ ಇಲ್ಲ, ಬಣ್ಣ ಬಳಿಯದ ಹಂಪುಗಳೂ ಇಲ್ಲ.

ಕೊನೆಗೆ ಕೆಲಸ ಕೂಡಿಬಂದದ್ದೂ ಹಾಸನದಲ್ಲಿಯೇ. ಬೇರೊಂದು ಅಂಗಡಿಯ ಹಿರಿಯ ಮೆಕ್ಯಾನಿಕ್ ಯಂತ್ರ ಹಚ್ಚುವ ಮೊದಲೇ ಟೈರಿನ ಮೇಲೆ ಅಂಗೈ ಆಡಿಸಿದರು. ಒಂದು ದಿಕ್ಕಿಗೆ ನುಣುಪು, ಮರಳುವಾಗ ಹಲ್ಲು. "ಟೋ ಹೊರಗೆ ಹೋಗಿದೆ, ಒಳಗಡೆ ತಿಂದಿದೆ" ಎಂದರು. ಯಂತ್ರವೂ ಅದನ್ನೇ ತೋರಿಸಿತು. ಸಣ್ಣ ಸಬ್ಬಲ್ಲಿನಿಂದ ಲಿಂಕನ್ನು ಮೀಟಿ, ಬಲಗಡೆಯ ಬುಷ್ ಸಡಿಲವಾಗಿರುವುದನ್ನೂ ಕಂಡುಹಿಡಿದರು; ಯಂತ್ರದ ಪರದೆ ಅದನ್ನು ಹೇಳುವುದಿಲ್ಲ. ಅದು ಭಾನುವಾರ. ಜರ್ಮನಿಯಲ್ಲಿ ಅಂದು ಅಂಗಡಿಯೇ ತೆರೆದಿರುವುದಿಲ್ಲ, ಸರದಿ ಸಿಗಲು ವಾರಗಟ್ಟಲೆ ಕಾಯಬೇಕು, ಕೂಲಿಯೂ ನಮ್ಮ ಊರಿನ ಹಲವು ಪಟ್ಟು.

ಹಾಳೆ ಕೇಳಿದೆ. ಪ್ರಿಂಟರಿನಲ್ಲಿ ಶಾಯಿ ಒಣಗಿ ಎಷ್ಟೋ ಕಾಲವಾಗಿತ್ತು, ಯಾರೂ ಕೇಳಿರಲಿಲ್ಲವಂತೆ. ಬೇಸರಿಸದೆ ಪರದೆಯ ಮುಂದೆ ನಿಲ್ಲಿಸಿ, ಮೊದಲಿನ ಅಳತೆಯನ್ನೂ ಅನಂತರದ್ದನ್ನೂ ಫೋಟೋ ತೆಗೆದುಕೊಳ್ಳಲು ಬಿಟ್ಟರು. ಆ ಫೋಟೋಗಳು ತಮ್ಮನ ಮೊಬೈಲಿನಲ್ಲಿವೆ. ಹೊಸ ಬುಷ್ ತರಿಸಿ ಹಾಕಿಸಿದ ದಿನ ಮತ್ತೆ ಅಳೆಸಬೇಕು, ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆಸಿ ಹಿಂದಿನ ಟೋ ಅಂಕಿಗಳೆರಡನ್ನೂ ಹಳೆಯ ಫೋಟೋದ ಪಕ್ಕ ಇಟ್ಟು ನೋಡಬೇಕು ಎಂದು ಅವನಿಗೆ ಹೇಳಿ ಬಂದಿದ್ದೇನೆ. ಆಗಲೂ ಬಲಗಡೆಯದೇ ಸರಿದಿದ್ದರೆ ಬುಷ್ ಬಿಟ್ಟು ಲಿಂಕನ್ನೇ ಪರೀಕ್ಷಿಸಬೇಕಾಗುತ್ತದೆ.