ದಾರಿ ಹೇಳಿ, ಬಾಣ ತೋರಿಸಬೇಡಿ

ಹೋದ ವಾರ ಗೆಳೆಯನೊಬ್ಬ ಎಲ್ಡನ್ ರಿಂಗ್ ಅನ್ನುವ ವಿಡಿಯೋ ಗೇಮ್ ಶುರು ಮಾಡಿದ. ಇಷ್ಟು ವರ್ಷ ಮುಟ್ಟದೇ ಇದ್ದವನು. ಮೊದಲ ದಿನವೇ ಮೆಸೇಜ್ ಬಂತು: "ಕುದುರೆ ಮೇಲೆ ಚಿನ್ನದ ಕವಚ ಹಾಕಿಕೊಂಡವನು ಮೂರು ಸಲ ಸಾಯಿಸಿದ. ಈಗ ಎಲ್ಲಿಗೆ ಹೋಗಲಿ?"

ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವನ ತಂಟೆಗೆ ಹೋಗಬೇಡ, ಪಕ್ಕದಿಂದ ದಾಟಿ ಹೋಗು. ಮುಂದೆ ಪಾಳುಬಿದ್ದ ಚರ್ಚ್ ಸಿಗುತ್ತದೆ. ಅಲ್ಲಿಂದ ರಸ್ತೆ ಹಿಡಿ, ನಿನಗೂ ಕುದುರೆ ಸಿಗುತ್ತದೆ. ಆಮೇಲೆ ಪೂರ್ವದ ಕಾಡಿನೊಳಗೆ ಒಂದು ಕಲ್ಲಿನ ಕಟ್ಟಡ ಇದೆ, ಒಳಗೆ ಲಿಫ್ಟ್ ಇದೆ, ಇಳಿ. ಕೆಳಗೆ ಏನಿದೆ ಅನ್ನೋದನ್ನೂ ಹೇಳಿಬಿಟ್ಟೆ.

ಎರಡು ದಿನ ಬಿಟ್ಟು ಅವನು ಬರೆದ: "ಹೂಂ, ನೋಡಿದೆ. ನೀನು ಹೇಳಿದ ಹಾಗೇ ಇದೆ. ಚೆನ್ನಾಗಿದೆ."

ಆ ಮಾತು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಯಾಕೆಂದರೆ 2022ರಲ್ಲಿ ನಾನು ಅದೇ ಲಿಫ್ಟ್ ಹತ್ತಿದ್ದು ಹಾಗಲ್ಲ. ಕಾಡಿನಲ್ಲಿ ದೊಡ್ಡ ಕರಡಿಯೊಂದು ಬೆನ್ನು ಹತ್ತಿತ್ತು. ಎಲ್ಲಾದರೂ ನುಗ್ಗಿದರೆ ಸಾಕು ಅಂತ ಓಡುತ್ತಿದ್ದಾಗ ಆ ಕಟ್ಟಡ ಕಂಡಿತು. ಲಿಫ್ಟ್ ಮೇಲೆ ನಿಂತೆ. ಅದು ಇಳಿಯಿತು, ಇಳಿಯುತ್ತಲೇ ಹೋಯಿತು. ಇಷ್ಟು ಹೊತ್ತು ಇಳಿಯುತ್ತಿದೆ ಅಂದರೆ ಏನೋ ಇದೆ ಅಂತ ಎದೆ ಡವಗುಟ್ಟತೊಡಗಿತು. ಬಾಗಿಲಿನಾಚೆ ಕಂಡದ್ದನ್ನು ಕಂಟ್ರೋಲರ್ ಕೆಳಗಿಟ್ಟು ನೋಡುತ್ತಾ ಕೂತೆ. ಏನು ಕಂಡಿತು ಅಂತ ಇಲ್ಲಿ ಬರೆಯುವುದಿಲ್ಲ. ಗೆಳೆಯನಿಗೆ ಒಂದು ಸಲ ಮಾಡಿದ ತಪ್ಪು ಸಾಕು.

ಓಪನ್ ವರ್ಲ್ಡ್ ಗೇಮ್‌ಗಳ, ಅಂದರೆ ದೊಡ್ಡ ಲೋಕದಲ್ಲಿ ಇಷ್ಟ ಬಂದ ಕಡೆ ಅಲೆಯಬಹುದಾದ ಗೇಮ್‌ಗಳ ಬಗ್ಗೆ ನಾವು ಮಾತಾಡುವ ರೀತಿ ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಅದನ್ನು ಹೇಳಬೇಕಾದರೆ ಮೊದಲು ಈ ಗೇಮ್‌ಗಳೇ ನಮಗೆ ದಾರಿ ಹೇಳುವ ರೀತಿ ಹೇಗೆ ಬದಲಾಯಿತು ಅಂತ ನೋಡಬೇಕು.

2002ರಲ್ಲಿ ಬೆಥೆಸ್ಡಾ ಕಂಪನಿ ಮಾರೋವಿಂಡ್ ಅನ್ನುವ ಗೇಮ್ ತಂದಿತು. ವಾರ್ಡನ್‌ಫೆಲ್ ಅನ್ನುವ ದ್ವೀಪ. ಸೇಡಾ ನೀನ್ ಅನ್ನುವ ಸಣ್ಣ ಊರಲ್ಲಿ ಹಡಗಿನಿಂದ ಇಳಿಸಿ, ಒಂದು ಕಾಗದದ ಕಟ್ಟು ಕೈಗೆ ಕೊಟ್ಟು, ಬಾಲ್ಮೋರಾದಲ್ಲಿ ಇಂಥವನಿಗೆ ತಲುಪಿಸು ಅನ್ನುತ್ತಾರೆ. ಅಷ್ಟೇ. ತೆರೆಯ ಮೇಲೆ ದಾರಿ ತೋರಿಸುವ ಯಾವ ಬಾಣವೂ ಇಲ್ಲ. ಊರಾಚೆ ಸ್ವಲ್ಪ ದೂರ ನಡೆದರೆ ಆಕಾಶದಿಂದ ಕಿರುಚಾಟ ಕೇಳುತ್ತದೆ. ತಲೆ ಎತ್ತುವಷ್ಟರಲ್ಲಿ ಒಬ್ಬ ಮಂತ್ರಗಾರ ಮುಂದೆ ಬಿದ್ದು ಸತ್ತಿರುತ್ತಾನೆ. ಅವನ ಬಳಿ ಎತ್ತರಕ್ಕೆ ನೆಗೆಯುವ ಮೂರು ಮಂತ್ರದ ಸುರುಳಿಗಳು ಇರುತ್ತವೆ, ಜೊತೆಗೆ ಅವನ ದಿನಚರಿ. ಸುರುಳಿ ಓದಿ ನೆಗೆದರೆ ಅರ್ಧ ದ್ವೀಪ ಕಾಣುವಷ್ಟು ಮೇಲೆ ಹೋಗುತ್ತೀರಿ. ಆದರೆ ಮಂತ್ರ ನೆಲಕ್ಕೆ ಬರುವ ಮೊದಲೇ ಮುಗಿದಿರುತ್ತದೆ. ಅವನು ಯಾಕೆ ಸತ್ತ ಅನ್ನೋದು ಆಗ ಗೊತ್ತಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳಿಕೊಡಲಿಲ್ಲ. ಪಾಠ ಮಾತ್ರ ಮರೆಯಲ್ಲ.

ಆ ಆಟದಲ್ಲಿ ದಾರಿ ಕೇಳಿದರೆ ಜನ ಬಾಯಲ್ಲೇ ಹೇಳುತ್ತಾರೆ. ಊರಿನ ದಕ್ಷಿಣಕ್ಕೆ ಹೋಗು, ಕೋಟೆ ದಾಟು, ಕೈಮರದ ಬಳಿ ತಿರುಗು, ಹಳೇ ಸೇತುವೆ ದಾಟಿದರೆ ಅವಶೇಷ ಕಾಣುತ್ತದೆ. ಮೊದಮೊದಲಿಗೇ ಸಿಗುವ ಕೆಲಸವೊಂದಕ್ಕೆ ಹೀಗೆ ಹೇಳಿ ಡ್ವೆಮರ್ ಅನ್ನುವ, ಆ ಲೋಕದಿಂದ ಮರೆಯಾದ ಜನಾಂಗದ ಒಂದು ಹಳೆಯ ಅವಶೇಷಕ್ಕೆ ಕಳಿಸುತ್ತಾರೆ. ಅಲ್ಲಿ ಬಾಗಿಲು ಮುಚ್ಚಿದೆ. ಸುತ್ತಮುತ್ತ ಹುಡುಕಿದರೆ ಕೊಳವೆಯ ಮೇಲೆ ಒಂದು ತಿರುಗುಣಿ ಸಿಗುತ್ತದೆ, ಅದನ್ನು ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ಒಳಗೆ ಹುಡುಕಬೇಕಾದ್ದು ಒಂದು ಸಣ್ಣ ಪೆಟ್ಟಿಗೆ. ನಾನು ಅದನ್ನು ಹುಡುಕಲು ಎರಡು ಸಂಜೆ ಕಳೆದೆ. ಒಂದು ಸಲ ಕೈಮರ ತಪ್ಪಾಗಿ ಓದಿ ಬೂದಿಗಾಳಿಯಲ್ಲಿ ಎಲ್ಲೋ ಹೊರಟುಹೋಗಿದ್ದೆ. ಆ ಎರಡು ಸಂಜೆಯಿಂದಾಗಿ ಆ ಕಡೆಯ ಒಂದೊಂದು ತಿರುವೂ ಇವತ್ತಿಗೂ ನೆನಪಿದೆ.

2006ರಲ್ಲಿ ಅದೇ ಸರಣಿಯ ಮುಂದಿನ ಗೇಮ್ ಆಬ್ಲಿವಿಯನ್ ಬಂತು. ತೆರೆಯ ಕೆಳಗೆ ದಿಕ್ಸೂಚಿ, ಅದರ ಮೇಲೆ ಹೋಗಬೇಕಾದ ಜಾಗದ ಗುರುತು. ಮ್ಯಾಪ್ ಮೇಲೆ ಊರು ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು. ಬಹಳ ಜನಕ್ಕೆ ಇದರಿಂದ ಅನುಕೂಲ ಆಯಿತು, ಅದನ್ನು ಒಪ್ಪುತ್ತೇನೆ. ಆದರೆ ಬದಲಾದದ್ದು ತೆರೆ ಮಾತ್ರ ಅಲ್ಲ, ಮಾತೂ ಬದಲಾಯಿತು. ಮಾರೋವಿಂಡ್‌ನಲ್ಲಿ ಸಂಭಾಷಣೆ ಹೆಚ್ಚಾಗಿ ಬರಹದಲ್ಲಿತ್ತು. ಆಬ್ಲಿವಿಯನ್‌ನಲ್ಲಿ ಎಲ್ಲರ ಮಾತಿಗೂ ದನಿ ಕೊಟ್ಟರು. ಉದ್ದುದ್ದ ದಾರಿ ವಿವರಣೆಯನ್ನೆಲ್ಲ ರೆಕಾರ್ಡ್ ಮಾಡೋದು ಸುಲಭದ ಕೆಲಸವಲ್ಲ. ಗುರುತು ಇದೆ ಅಂದಮೇಲೆ ವಿವರಣೆ ಬೇಕಾಗಿಯೂ ಇಲ್ಲ. ಹಾಗಾಗಿ "ಮ್ಯಾಪ್ ಮೇಲೆ ಗುರುತು ಹಾಕಿಕೊಡುತ್ತೇನೆ" ಅನ್ನೋದೇ ಉತ್ತರವಾಯಿತು.

"ಬೇಡ ಅಂದರೆ ಮಾರ್ಕರ್ (ಆ ಗುರುತು) ಆಫ್ ಮಾಡಿಕೊಳ್ಳಿ" ಅಂತ ಹಲವರು ಹೇಳುತ್ತಾರೆ. ನಾನು ಅದೇ ಸರಣಿಯಲ್ಲಿ ಆಮೇಲೆ ಬಂದ ಸ್ಕೈರಿಮ್‌ನಲ್ಲಿ ಹಾಗೇ ಆಡಲು ನೋಡಿದೆ. ಆಗಲಿಲ್ಲ. ಒಂದು ಗುಹೆಯಿಂದ ಕತ್ತಿ ತಂದುಕೊಡು ಅನ್ನುವವನು ಗುಹೆ ಎಲ್ಲಿದೆ ಅಂತ ಹೇಳುವುದೇ ಇಲ್ಲ. ಬಾಣ ತೆಗೆದರೆ ಅದರ ಜಾಗಕ್ಕೆ ಬೇರೆ ಏನೂ ಬರಲ್ಲ. ಇಡೀ ಆಟವನ್ನೇ ಬಾಣ ಇದೆ ಅಂತ ನಂಬಿ ಬರೆದಿರುತ್ತಾರೆ. ಹೀಗಿದ್ದರೂ 2011ರಿಂದ ಇವತ್ತಿನವರೆಗೆ ಸ್ಕೈರಿಮ್‌ಗೆ ಮತ್ತೆ ಮತ್ತೆ ಹೋಗುತ್ತಲೇ ಇದ್ದೇನೆ. ಕ್ವೆಸ್ಟ್ (ಗೇಮ್ ಒಪ್ಪಿಸುವ ಕೆಲಸ) ಮರೆತು ಯಾವುದೋ ಬೆಟ್ಟದ ಕಡೆ ನಡೆದಾಗ ಅದು ನಿಜಕ್ಕೂ ಅರಳುತ್ತದೆ.

ಭಯದ ಬಗ್ಗೆಯೂ ಒಂದು ಮಾತು ಹೇಳಬೇಕು. 2001ರ ಗಾಥಿಕ್‌ನಲ್ಲಿ ಯಾವ ಪ್ರಾಣಿಯೂ ನಿಮ್ಮ ಲೆವೆಲ್ ನೋಡಿ ಬಲ ಬದಲಿಸಿಕೊಳ್ಳುವುದಿಲ್ಲ. ಶುರುವಿನಲ್ಲೇ ಕಾಡಿನೊಳಗೆ ಹೋದರೆ ಸಾಯುತ್ತೀರಿ. ಹಾಗಾಗಿ ರಸ್ತೆ ಬಿಟ್ಟು ಇಳಿಯಲು ಹೆದರುತ್ತೀರಿ. ಇಪ್ಪತ್ತು ಗಂಟೆ ಆಡಿದ ಮೇಲೆ ಅದೇ ಕಾಡಿಗೆ ಹೋಗಿ ಅದೇ ಪ್ರಾಣಿಯನ್ನು ಹೊಡೆದಾಗ, ನಾನು ಬೆಳೆದಿದ್ದೇನೆ ಅಂತ ಮೈಗೆ ಗೊತ್ತಾಗುತ್ತದೆ. ಆಬ್ಲಿವಿಯನ್‌ನಲ್ಲಿ ನೀವು ಬೆಳೆದಂತೆ ಲೋಕವೂ ಬೆಳೆಯುತ್ತದೆ. ಕೊನೆಗೆ ದಾರಿಗಳ್ಳರು ಕೂಡ ಬೆಲೆಬಾಳುವ ಗಾಜಿನ ಕವಚ ತೊಟ್ಟು ನಿಂತು ನಿಮ್ಮ ಹತ್ತಿರ ಪುಡಿಗಾಸು ಕೇಳುತ್ತಾರೆ. ಎಲ್ಲಿ ಹೋದರೂ ಒಂದೇ ಬಲ ಅಂದಾಗ ಎಲ್ಲಿ ಹೋದರೂ ಒಂದೇ ಜಾಗ ಅನ್ನಿಸಿಬಿಡುತ್ತದೆ. ಎಲ್ಡನ್ ರಿಂಗ್‌ನ ಆ ಚಿನ್ನದ ಸವಾರನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಇದಕ್ಕೇ ಅಂತ ನನ್ನ ನಂಬಿಕೆ. ಈಗ ಆಗಲ್ಲ, ಬೇರೆ ಕಡೆ ಹೋಗಿ ನೋಡು, ಆಮೇಲೆ ಬಾ ಅಂತ ಅವನು ಕತ್ತಿಯಲ್ಲೇ ಹೇಳುತ್ತಾನೆ. ನನ್ನ ಗೆಳೆಯನಿಗೂ ಹೇಳಿದ್ದ. ಮಧ್ಯೆ ಬಾಯಿ ಹಾಕಿದ್ದು ನಾನು.

2017ರ ಬ್ರೆತ್ ಆಫ್ ದಿ ವೈಲ್ಡ್ ಇನ್ನೊಂದು ದಾರಿ ತೋರಿಸಿತು. ಗೋಪುರ ಹತ್ತಿದರೆ ಆ ಸೀಮೆಯ ಮ್ಯಾಪ್ ಸಿಗುತ್ತದೆ, ಆದರೆ ಅದು ಬರೀ ಬೆಟ್ಟ, ನದಿ, ದಾರಿಗಳ ಚಿತ್ರ. ಅಲ್ಲಿ ಏನಿದೆ ಅಂತ ಗೋಪುರದ ಮೇಲೆ ನಿಂತು ನೀವೇ ದುರ್ಬೀನಿನಲ್ಲಿ ನೋಡಿ ಗುರುತು ಹಾಕಿಕೊಳ್ಳಬೇಕು. ಎಷ್ಟು ಸಣ್ಣ ಬದಲಾವಣೆ ಅಲ್ವಾ? ಮಾರ್ಕರ್ ಇದೆ, ಆದರೆ ಅದು ನನ್ನದು. ನನ್ನ ಕಣ್ಣಿಗೆ ಬಿದ್ದದ್ದಕ್ಕೆ ನಾನು ಹಾಕಿದ್ದು. ಒಗಟು, ಸವಾಲುಗಳಿರುವ 120 ಶ್ರೈನ್‌ಗಳಲ್ಲಿ (ಸಣ್ಣ ಗುಡಿಗಳಲ್ಲಿ) ಯಾವುದನ್ನು ಮೊದಲು ನೋಡಿದೆ ಅನ್ನೋದು ಪ್ರತಿಯೊಬ್ಬರಿಗೂ ಬೇರೆ ಬೇರೆ. ಬಂಡೆ ಹತ್ತುತ್ತಿರುವಾಗ ಮಳೆ ಬಂದು ಕೈ ಜಾರಿ, ಅಲ್ಲೇ ಯಾವುದೋ ಚಾಚಿನ ಕೆಳಗೆ ಬೆಂಕಿ ಹಾಕಿಕೊಂಡು ಕೂತದ್ದು ನನಗೆ ಗೇಮ್‌ನ ಕೊನೆಯ ಕಾಳಗಕ್ಕಿಂತ ಜಾಸ್ತಿ ನೆನಪಿದೆ.

ಗುರುತುಗಳಿಂದಲೇ ತುಂಬಿದ ಗೇಮ್ ಚೆನ್ನಾಗಿರಲು ಸಾಧ್ಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2015ರ ವಿಚರ್ 3ರಲ್ಲಿ ಚುಕ್ಕೆಗಳ ದಾರಿ ಇದೆ, ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆಗಳಿವೆ. ಆದರೂ ಅದರೊಳಗಿನ ವೆಲೆನ್ ಸೀಮೆಯ ಬ್ಯಾರನ್ ಕಥೆ ಮುಗಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ದಾರಿ ಹುಡುಕುವ ಆಟವಲ್ಲ, ಮನುಷ್ಯರ ಆಟ. ಅದೇ ಗೇಮ್‌ನ ಸ್ಕೆಲಿಗಾ ದ್ವೀಪಗಳ ಕಡಲಿನ ಪ್ರಶ್ನಾರ್ಥಕ ಚಿಹ್ನೆಗಳನ್ನು ಮಾತ್ರ ಯಾರೂ ಪ್ರೀತಿಯಿಂದ ನೆನೆಯೋದನ್ನು ನಾನು ಕೇಳಿಲ್ಲ. ದೋಣಿಯಲ್ಲಿ ಹೋಗು, ಪೆಟ್ಟಿಗೆ ತೆಗೆ, ಮುಂದಿನದಕ್ಕೆ ಹೋಗು. ನಾನೂ ಎಷ್ಟೋ ಸಂಜೆ ಅದನ್ನೇ ಮಾಡಿದೆ. ಆ ಪೆಟ್ಟಿಗೆಗಳಲ್ಲಿ ಏನಿತ್ತು ಅಂತ ಒಂದೂ ನೆನಪಿಲ್ಲ.

ಈಗ ನಮ್ಮ ಮಾತಿನ ವಿಷಯಕ್ಕೆ ಬರುತ್ತೇನೆ. ಹೊಸ ಗೇಮ್ ಬಂದ ವಾರದೊಳಗೆ "ಮೊದಲು ಮಾಡಲೇಬೇಕಾದ ಹತ್ತು ಕೆಲಸ", "ಶುರುವಿನಲ್ಲೇ ಸಿಗುವ ಅತಿ ಬಲವಾದ ಕತ್ತಿ", "ಈ ಬಿಲ್ಡ್ (ಆಯುಧ, ಶಕ್ತಿಗಳ ಜೋಡಣೆ) ಬಿಟ್ಟು ಬೇರೆ ಆಡಿದರೆ ವ್ಯರ್ಥ" ಅನ್ನುವ ವಿಡಿಯೋಗಳು ಸಾಲಾಗಿ ಬರುತ್ತವೆ. ಗೇಮ್‌ನವರು ಕಷ್ಟಪಟ್ಟು ಬಾಣ ತೆಗೆದರೆ ನಾವು ಹೊರಗಿನಿಂದ ಅದನ್ನು ಮತ್ತೆ ತಂದು ಅಂಟಿಸುತ್ತೇವೆ. ಹೊಸಬರು ಒಂದು ಪ್ರಶ್ನೆ ಕೇಳಿದರೆ ಹತ್ತು ಜನ ಹತ್ತು ಗುಟ್ಟು ಬಿಚ್ಚಿಡುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಪ್ರೀತಿ ಜಾಸ್ತಿಯಾಗಿ ಹೇಳುತ್ತಾರೆ. ನಾನು ಹೇಳಿದ್ದೂ ಪ್ರೀತಿಗೇ. ಆದರೆ ಮೊದಲ ಸಲ ನೋಡುವುದು ಒಬ್ಬರಿಗೆ ಒಂದೇ ಸಲ ಸಿಗುವಂಥದ್ದು. ಅದನ್ನು ನಾವು ಖರ್ಚು ಮಾಡಿಬಿಟ್ಟರೆ ವಾಪಸ್ ಕೊಡಲು ಬರುವುದಿಲ್ಲ.

"ನನಗೆ ದಿನಕ್ಕೆ ಒಂದೇ ಗಂಟೆ ಸಿಗೋದು, ಅಲೆದಾಡಲು ಪುರುಸೊತ್ತಿಲ್ಲ" ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ನನಗೂ ಈಗ ಅಷ್ಟೇ ಸಿಗೋದು. ಕೆಲವು ಕಡೆ ಸಹಾಯ ಬೇಕೇ ಬೇಕು. ಎಲ್ಡನ್ ರಿಂಗ್‌ನಲ್ಲಿ ಪಾತ್ರಗಳು ಹೇಳದೇ ಕೇಳದೇ ಜಾಗ ಬದಲಿಸುತ್ತವೆ, ಕ್ವೆಸ್ಟ್‌ಗಳ ಪಟ್ಟಿಯೂ ಇಲ್ಲ. ಬಿಡುಗಡೆಯಾದ ಮುಂದಿನ ತಿಂಗಳೇ ಭೇಟಿಯಾದ ಪಾತ್ರಗಳ ಹೆಸರು ಮ್ಯಾಪ್ ಮೇಲೆ ಕಾಣುವ ಹಾಗೆ ಅಪ್‌ಡೇಟ್ ಕೊಟ್ಟರು. ಅದು ಒಳ್ಳೆಯದೇ ಆಯಿತು. ಸಹಾಯ ಕೇಳುವುದು ತಪ್ಪಲ್ಲ, ಮಾಡುವುದೂ ತಪ್ಪಲ್ಲ. ಎಷ್ಟು ಹೇಳಬೇಕು ಅನ್ನುವುದರಲ್ಲಿ ಇರುವುದು ಎಲ್ಲ.

ಇದಕ್ಕೆ ಒಳ್ಳೆಯ ಮಾದರಿ ಅದೇ ಗೇಮ್ ಒಳಗೇ ಇದೆ. ನೆಲದ ಮೇಲೆ ಬೇರೆ ಆಟಗಾರರು ಬಿಟ್ಟುಹೋದ ಸಂದೇಶಗಳು ಹೊಳೆಯುತ್ತಿರುತ್ತವೆ. ಅವನ್ನು ಮನಸ್ಸಿಗೆ ಬಂದ ಹಾಗೆ ಬರೆಯಲಾಗುವುದಿಲ್ಲ. ಕೊಟ್ಟಿರುವ ಪದಗಳನ್ನಷ್ಟೇ ಜೋಡಿಸಬೇಕು. ಹಾಗಾಗಿ ಯಾರೂ ಪೂರ್ತಿ ಹೇಳಲು ಆಗುವುದಿಲ್ಲ. ಮುಂದೆ ಶತ್ರು ಇದೆ, ಇಲ್ಲಿ ಗುಪ್ತ ದಾರಿ ಇರಬಹುದು, ಇಷ್ಟೇ. ನಂಬುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಒಮ್ಮೆ ಹಾಗೆ ನಂಬಿ ಗೋಡೆಗೆ ಹೊಡೆದೆ, ಗೋಡೆ ಕರಗಿಹೋಯಿತು. ಯಾರೋ ಅಪರಿಚಿತರು ಹಿಂದೆಯೇ ನಿಂತು ಭುಜ ತಟ್ಟಿದ ಹಾಗಾಯಿತು.

ಹಾಗೆ ಮಾತಾಡೋಣ ಅಂತ ನನ್ನ ಆಸೆ. ಎಲ್ಲಿಗೆ ಹೋಗಲಿ ಅಂತ ಕೇಳಿದರೆ ಮಾರೋವಿಂಡ್‌ನ ಊರವರ ಹಾಗೆ ಉತ್ತರ ಕೊಡೋಣ. "ಪೂರ್ವದ ಕಾಡು ನೋಡಿದೆಯಾ? ಕರಡಿ ಇದೆ, ಹುಷಾರು." ಅಷ್ಟು ಸಾಕಿತ್ತು ನನ್ನ ಗೆಳೆಯನಿಗೆ. ಬಿಲ್ಡ್ ಯಾವುದು ಚೆನ್ನ ಅಂತ ಕೇಳಿದರೆ "ನಿನಗೆ ಯಾವ ಆಯುಧ ಬೀಸಲು ಖುಷಿಯಾಗುತ್ತಿದೆ?" ಅಂತ ತಿರುಗಿ ಕೇಳೋಣ.

ನಿನ್ನೆ ಅವನು ಮತ್ತೆ ಕೇಳಿದ: "ಉತ್ತರಕ್ಕೆ ದೊಡ್ಡ ಕೋಟೆ ಕಾಣುತ್ತಿದೆ. ಹೋಗಲಾ, ಇಲ್ಲ ದಕ್ಷಿಣಕ್ಕೆ ಸೇತುವೆ ದಾಟಲಾ?" ಬೆರಳ ತುದಿಗೆ ಬಂದದ್ದನ್ನೆಲ್ಲ ತಡೆದುಕೊಂಡೆ. "ನಾನು ಮೊದಲು ಕೋಟೆಗೆ ಹೋಗಿ ಒದೆ ತಿಂದಿದ್ದೆ" ಅಂತಷ್ಟೇ ಬರೆದೆ. ಅವನು ಸೇತುವೆ ಕಡೆ ಹೋಗಿದ್ದಾನೆ. ಇನ್ನೂ ಸುದ್ದಿ ಬಂದಿಲ್ಲ.

ನೀವು ಮೊದಲ ಸಲ ಯಾವ ಲೋಕಕ್ಕೆ ಕಾಲಿಟ್ಟಿರಿ, ಯಾವ ದಿಕ್ಕಿಗೆ ಹೊರಟಿರಿ, ಬರೆಯಿರಿ. ಅಲ್ಲಿ ಏನು ಸಿಕ್ಕಿತು ಅನ್ನುವುದನ್ನು ಮಾತ್ರ ಬರೆಯಬೇಡಿ. ಅವನು ಇದನ್ನು ಓದುತ್ತಾನೆ.