ಗಣಿತ ಪರೀಕ್ಷೆಗೆ ಸೂತ್ರ ನಿಷಿದ್ಧ

ನಮ್ಮ ಕಾಲದ ಗಣಿತದ ಮೇಷ್ಟ್ರು ಬೈಯುತ್ತಿದ್ದದ್ದು ಒಂದೇ ಕಾರಣಕ್ಕೆ. ಸೂತ್ರವೇ ಇಲ್ಲದೆ ಪರೀಕ್ಷೆಗೆ ಬಂದುಬಿಡ್ತೀರಲ್ರೋ ಅಂತ. 2025ರ ಏಪ್ರಿಲ್ 17ರಂದು ಬೀದರಿನ ಸಿಇಟಿ ಕೇಂದ್ರಕ್ಕೆ ಬಂದ ಹುಡುಗನ ಬಳಿ ಸೂತ್ರ ಇತ್ತು. ಒಂದಲ್ಲ, ಎರಡು ಬಗೆಯದ್ದು. ತಲೆಯೊಳಗೊಂದು, ಹೆಗಲ ಮೇಲೊಂದು. ಹೆಗಲ ಮೇಲಿನದನ್ನು ತೆಗೆದಿಟ್ಟರೆ ತಲೆಯೊಳಗಿನದನ್ನು ಬರೆಯಬಹುದು ಎಂದರು ಬಾಗಿಲಲ್ಲಿದ್ದವರು. ಜನಿವಾರ ತೆಗೆಯಲು ಹುಡುಗ ಒಪ್ಪಲಿಲ್ಲ, ಗಣಿತ ತಪ್ಪಿಹೋಯಿತು. ಹಿಂದಿನ ದಿನ ಭೌತಶಾಸ್ತ್ರ, ರಸಾಯನಶಾಸ್ತ್ರಗಳಿಗೆ ಆ ಮೂರೆಳೆ ನೂಲಿನಿಂದ ಯಾವ ಅಪಾಯವೂ ಒದಗಿರಲಿಲ್ಲ. ಗಣಿತಕ್ಕೆ ಮಾತ್ರ ಅದೇಕೋ ಆಗಿಬರಲಿಲ್ಲ.

ಶಿವಮೊಗ್ಗದಲ್ಲೂ ಆಗ ಇದೇ ಪ್ರಸಂಗ. ಗಲಾಟೆ ಜೋರಾದ ಮೇಲೆ ಸರ್ಕಾರ ಹೇಳಿದ್ದು ಕೇಳಿ: ಜನಿವಾರ ತೆಗೆಸಿ ಎಂಬ ನಿಯಮವೇ ನಮ್ಮಲ್ಲಿಲ್ಲ. ಅಂದರೆ ಯಾರೂ ಹೊರಡಿಸದ ಆದೇಶವನ್ನು ಎರಡು ಜಿಲ್ಲೆಗಳಲ್ಲಿ ಚಾಚೂ ತಪ್ಪದೆ ಪಾಲಿಸಲಾಗಿದೆ! ಹೊರಡಿಸಿದ ಆದೇಶಗಳಿಗೆ ಈ ಭಾಗ್ಯ ಎಂದಾದರೂ ಸಿಕ್ಕಿದ್ದುಂಟೆ? ಶಿವಮೊಗ್ಗದಲ್ಲಿ ಹೋಂಗಾರ್ಡುಗಳು ಅಮಾನತಾದರು. ಮೇಲಿನವರಿಗೆ ಆಘಾತವಾಯಿತು. ಆಘಾತವಾಗುವುದು ಯಾವಾಗಲೂ ಮೇಲಿನವರಿಗೆ, ಅಮಾನತಾಗುವುದು ಕೆಳಗಿನವರು.

ಬೀದರ್ ಜಿಲ್ಲೆಯೆಂದರೆ ಬಸವಕಲ್ಯಾಣ ಇರುವ ಜಿಲ್ಲೆ. ಉಪನಯನವೇ ಬೇಡವೆಂದು ಮನೆ ಬಿಟ್ಟು ಹೊರಟ ಹುಡುಗ ಮುಂದೆ ಮಂತ್ರಿಯಾದದ್ದು ಅಲ್ಲೇ. ಆದರೆ ಆ ಹುಡುಗ ಅಪ್ಪನೊಡನೆ ವಾದ ಮಾಡಿ ಬೇಡವೆಂದದ್ದು, ಹೋಂಗಾರ್ಡ್ ಹೇಳಿದರೆಂದಲ್ಲ.

ಈಗ ಮೂರು ವರ್ಷ ಹಿಂದಕ್ಕೆ ಹೋಗೋಣ. 2022ರ ಫೆಬ್ರವರಿ 5ರಂದು ಅಂದಿನ ಸರ್ಕಾರ ಒಂದು ಆದೇಶ ಹೊರಡಿಸಿತು. ಕಾಲೇಜು ಅಭಿವೃದ್ಧಿ ಸಮಿತಿ ನಿಗದಿ ಮಾಡಿದ ಸಮವಸ್ತ್ರವನ್ನೇ ಧರಿಸಬೇಕು. ಸಮಿತಿ ನಿಗದಿ ಮಾಡದಿದ್ದರೆ ಸಮಾನತೆ, ಏಕತೆ, ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರದ ಬಟ್ಟೆ ಧರಿಸಬೇಕು. ನಾನು ಅಂದೇ ನಮ್ಮ ಬಟ್ಟೆ ಅಂಗಡಿಯವರನ್ನು ಕೇಳಿದ್ದೆ, ಸುವ್ಯವಸ್ಥೆಗೆ ಭಂಗ ತರದ ಬಟ್ಟೆ ಮೀಟರಿಗೆ ಎಷ್ಟು ಅಂತ. ‘ಬಣ್ಣ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀನಿ ಸಾರ್, ಅದಕ್ಕಿಂತ ಜಾಸ್ತಿ ಕೇಳಬೇಡಿ’ ಅಂದರು. ಸಮಿತಿಯ ಅಧ್ಯಕ್ಷರು ಯಾರು? ಸ್ಥಳೀಯ ಶಾಸಕರು. ಕಾಲೇಜಿಗೆ ಶೌಚಾಲಯ ಬೇಕು, ಉಪನ್ಯಾಸಕರು ಬೇಕು ಎಂದಾಗ ಸಭೆ ಸೇರಲು ಪುರುಸೊತ್ತಿಲ್ಲದವರು ರಾತ್ರೋರಾತ್ರಿ ವಸ್ತ್ರವಿನ್ಯಾಸಕರಾದರು.

ಉಡುಪಿಯಲ್ಲಿ ಹಿಜಾಬ್ ತೊಟ್ಟು ಗೇಟಿನ ಹೊರಗೆ ನಿಂತ ಹುಡುಗಿಯರು, ಎದುರಿಗೆ ಕೇಸರಿ ಶಾಲಿನ ಹುಡುಗರು, ನಡುವೆ ಟಿವಿ ಕ್ಯಾಮೆರಾ. ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆಲ್ಲ ಮೂರು ದಿನ ರಜೆ. ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರು ಹಾಗೆ, ಒಬ್ಬರು ಹೀಗೆ ತೀರ್ಪು ಕೊಟ್ಟು ದೊಡ್ಡ ಪೀಠಕ್ಕೆ ಕಳಿಸಿದರು. 2023ರ ಡಿಸೆಂಬರಿನಲ್ಲಿ ಹೊಸ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಿಜಾಬ್ ನಿರ್ಬಂಧ ವಾಪಸ್ ಎಂದರು. ಮರುದಿನ ನೋಡಿದರೆ ಅದು ‘ಪರಿಶೀಲನೆಯಲ್ಲಿದೆ’ ಆಗಿತ್ತು. ರಾತ್ರಿ ಒಂದು ಕಳೆದರೆ ಹಿಟ್ಟು ಹುಳಿಯಾಗುವುದು ಸಹಜ.

ಆ ಹುಡುಗಿಯರಲ್ಲಿ ಎಷ್ಟು ಮಂದಿ ಮತ್ತೆ ಓದಿದರು ಎಂದು ಯಾರೂ ಕೇಳಲಿಲ್ಲ. ಅವರ ತಲೆಯ ಮೇಲಿನದು ಸುದ್ದಿ, ಒಳಗಿನದು ಅಲ್ಲ.

ನನಗೆ ಬಲು ಇಷ್ಟವಾಗುವುದು ನಮ್ಮ ಜನರ ಜ್ಞಾಪಕಶಕ್ತಿ. 2022ರಲ್ಲಿ ‘ಧರ್ಮ ಮನೆಯಲ್ಲಿರಲಿ, ಶಾಲೆಯಲ್ಲಿ ಎಲ್ಲರೂ ಒಂದೇ’ ಎಂದವರು 2025ರಲ್ಲಿ ಧರ್ಮಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯನ್ನು ಸಂಧ್ಯಾವಂದನೆಯಷ್ಟೇ ನಿರರ್ಗಳವಾಗಿ ಪಠಿಸಿದರು. ಅಂದು ‘ತುಂಡು ಬಟ್ಟೆಗೆ ಹೆದರುತ್ತೀರಾ’ ಎಂದವರು ಇಂದು ‘ಒಂದು ದಾರಕ್ಕೆ ಇಷ್ಟು ರಾದ್ಧಾಂತವೇ’ ಎಂದರು. ಅಷ್ಟರಲ್ಲಿ ಕೇಂದ್ರ ಸರ್ಕಾರದವರಿಗೂ ಹೊಟ್ಟೆಕಿಚ್ಚಾಗಿರಬೇಕು. ಅದೇ ತಿಂಗಳ ಕೊನೆಯಲ್ಲಿ ರೈಲ್ವೆ ನೇಮಕಾತಿ ಪರೀಕ್ಷೆಯ ಪ್ರವೇಶಪತ್ರದಲ್ಲಿ ಮಂಗಳಸೂತ್ರ, ಜನಿವಾರ ಎರಡೂ ಬೇಡವೆಂಬ ಸೂಚನೆ ಬಂತು. ಸಚಿವ ಸೋಮಣ್ಣನವರು ಮಧ್ಯೆ ಬಂದ ಮೇಲೆ ವಾಪಸಾಯಿತು. ಮೇ 4ರಂದು ಕಲಬುರಗಿಯ ನೀಟ್ ಕೇಂದ್ರದಲ್ಲಿ ಮತ್ತೆ ಜನಿವಾರ. ಅಂತೂ ರಾಜ್ಯ-ಕೇಂದ್ರಗಳ ನಡುವೆ ತೆರಿಗೆ ಪಾಲಿನಲ್ಲಿ ಕಾಣದ ಹೊಂದಾಣಿಕೆ ದಾರದ ವಿಷಯದಲ್ಲಿ ಕಂಡಿತು.

ಇಷ್ಟೆಲ್ಲ ತಪಾಸಣೆ ನಕಲು ತಡೆಯುವುದಕ್ಕೆ, ಒಪ್ಪೋಣ. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಯ ನೇಮಕಾತಿ ಪರೀಕ್ಷೆಯೊಳಗೆ ಬ್ಲೂಟೂತ್ ನಿರಾತಂಕವಾಗಿ ಹೋಗಿಬಂತು. ಕೂಡಲೇ ಎಚ್ಚೆತ್ತ ವ್ಯವಸ್ಥೆ ಮುಂದಿನ ತಿಂಗಳು ಅದೇ ಕಲಬುರಗಿಯಲ್ಲಿ, ಕೆಪಿಎಸ್‌ಸಿ ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ತಾಳಿ, ಕಾಲುಂಗುರಕ್ಕೆ ಕೈಹಾಕಿತು. ಅದಕ್ಕೂ ಮೊದಲು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ, ಖಾಲಿ ಬಿಟ್ಟ ಓಎಂಆರ್ ಹಾಳೆಗಳು ಆಮೇಲೆ ತಾವಾಗಿಯೇ ಉತ್ತರ ತುಂಬಿಕೊಂಡವೆಂಬ ಪವಾಡದ ಆರೋಪ ಬಂತಲ್ಲ, ಆ ಪ್ರಕರಣದಲ್ಲಿ ಬಂಧನವಾದದ್ದು ನೇಮಕಾತಿ ವಿಭಾಗಕ್ಕೇ ಮುಖ್ಯಸ್ಥರಾಗಿದ್ದ ಎಡಿಜಿಪಿಯವರದ್ದು. ಸೂತ್ರಧಾರಿಗಳೆಂದರೆ ಸೂತ್ರ ಧರಿಸಿದವರು ಎಂದು ಯಾರೋ ನಿಘಂಟು ನೋಡಿ ತಪಾಸಣೆ ಶುರು ಮಾಡಿರಬೇಕು.

ಗಣಿತದ ಮಾತು ಬಂದಿದ್ದಕ್ಕೆ ಇನ್ನೊಂದು ಲೆಕ್ಕ. 2025ರ ಅಕ್ಟೋಬರಿನಲ್ಲಿ ಸರ್ಕಾರಿ ಶಾಲೆ, ಮೈದಾನ, ಪಾರ್ಕು, ರಸ್ತೆಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಅನುಮತಿಯಿಲ್ಲದೆ ಸೇರಬಾರದೆಂದು ಆದೇಶವಾಯಿತು. ಗುರಿ ಯಾರೆಂದು ಚಡ್ಡಿ ಹಾಕದ ಮಕ್ಕಳಿಗೂ ಗೊತ್ತಿತ್ತು. ಶಾಲಾ ಮೈದಾನದ ಬಗ್ಗೆ 2013ರಲ್ಲಿ ಶೆಟ್ಟರ್ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತಲ್ಲ ಎಂದು ಕಾಂಗ್ರೆಸ್ಸಿನವರು, ಅದು ಬೇರೆ ಎಂದು ಬಿಜೆಪಿಯವರು. ನಮ್ಮ ಬಡಾವಣೆಯ ಪಾರ್ಕಿನ ನಗೆಕೂಟದಲ್ಲಿ ಹನ್ನೆರಡು ಮಂದಿ ಇದ್ದೇವೆ. ಇಬ್ಬರು ಗೇಟಿನಾಚೆ ನಿಂತು ನಗಬೇಕೆಂದು ಚೀಟಿ ಎತ್ತುವುದರೊಳಗೆ, ಅಕ್ಟೋಬರ್ 28ರಂದು ಹೈಕೋರ್ಟಿನ ಧಾರವಾಡ ಪೀಠ ಆದೇಶಕ್ಕೆ ತಡೆ ಕೊಟ್ಟು ನಮ್ಮೆಲ್ಲರ ನಗು ಉಳಿಸಿತು.

ಒಮ್ಮೆ ಅಕ್ಕನ ಮಗಳನ್ನು ಇಂಥದೇ ಒಂದು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಗೇಟಿನಲ್ಲಿ ಕೈಯಲ್ಲಿ ಕತ್ತರಿ ಹಿಡಿದ ಸಿಬ್ಬಂದಿಯೊಬ್ಬರು ತುಂಬುತೋಳಿನ ಅಂಗಿಗಳನ್ನು ಅರೆತೋಳು ಮಾಡುತ್ತಿದ್ದರು. ತಾಯಿತ ಬಿಚ್ಚು, ಓಲೆ ತೆಗಿ, ಆ ಪಿನ್ನು ಏನದು? ಹೀಗೆ ಹೇಳುತ್ತಿದ್ದವರ ಮಣಿಕಟ್ಟಿನಲ್ಲೇ ಕೆಂಪು ದಾರ, ಕರಿ ದಾರ ಎರಡೂ ಇದ್ದವು. ‘ಮಾವ, ಉಡಿದಾರಾನೂ ಕೇಳ್ತಾರಾ?’ ಎಂದು ಹಿಂದಿದ್ದ ಹುಡುಗನ ಪರವಾಗಿ ಇವಳು ಪಿಸುಗುಟ್ಟಿದಳು. ಜೋರಾಗಿ ಹೇಳಬೇಡ, ನೆನಪಾದೀತು ಎಂದೆ.

ಕತ್ತರಿ ಎದುರಿನ ಜೆರಾಕ್ಸ್ ಅಂಗಡಿಯದ್ದು. ಅಂಗಡಿಯವ ಬುದ್ಧಿವಂತ. ಮೊಬೈಲಿಗೆ ಇಪ್ಪತ್ತು ರೂಪಾಯಿ, ಬ್ಯಾಗಿಗೆ ಹತ್ತು, ‘ದೇವರ ಐಟಂ’ಗೆ ಫ್ರೀ. ಒಂದು ಹಸಿರು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಜನಿವಾರ, ಶಿವದಾರ, ತಾಯಿತ, ಶಿಲುಬೆಯ ಲಾಕೆಟ್ಟು, ಹಿಜಾಬಿನ ಪಿನ್ನು, ಎಲ್ಲಕ್ಕೂ ನಂಬರಿನ ಚೀಟಿ. ನಮ್ಮದು 47. ಕೌಂಟರಿಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದ:

‘ಟೋಕನ್ ಕಳೆದರೆ ಅಥವಾ ವಸ್ತು ಅದಲುಬದಲಾದರೆ ಅಂಗಡಿ ಜವಾಬ್ದಾರಿಯಲ್ಲ.’